ಯಮನ ಮನೆಯ ಬೆಲ್ಲ-ನೀರು

ಆ ನಗು ಮೆಟ್ಟಿಲು ಹತ್ತುವಾಗಲೇ ಕೇಳಿಸುತ್ತಿತ್ತು. ಹ್ಹಹ್ಹಹ್ಹಾ ಎಂದು ಬಾವಿಯೊಳಗಿಂದ ಬಂದ ಹಾಗೆ, ಅದರ ಹಿಂದೆ ಗುಡುಗು, ಗುಡುಗಿನ ಹಿಂದೆ ಕೋಣದ ಕೊರಳ ಗಂಟೆ. ಅಕ್ಕನ ಮನೆ ಚೆಂಬೂರಿನಲ್ಲಿ, ಹಳೇ ಬಿಲ್ಡಿಂಗ್, ಲಿಫ್ಟ್ ಇಲ್ಲ. ಮುಲುಂಡಿನಿಂದ ಲೋಕಲ್ ಹಿಡಿದು, ಕುರ್ಲಾದಲ್ಲಿ ಗಾಡಿ ಬದಲಿಸಿ, ಈ ಮೊಣಕಾಲುಗಳನ್ನು ಎಳೆದುಕೊಂಡು ಅಲ್ಲಿಗೆ ಹೋದರೆ, ನನ್ನನ್ನು ಮೊದಲು ಬರಮಾಡಿಕೊಳ್ಳುತ್ತಿದ್ದವನು ಯಮ. ಟೀವಿ ಸೀರಿಯಲ್ಲಿನ ಯಮ. ಉಬ್ಬಿದ ಹೊಟ್ಟೆ, ಹಗ್ಗದಂಥ ಮೀಸೆ, ಕಿರೀಟಕ್ಕೆ ಅಂಟಿಸಿದ ಕೊಂಬು.

ಅಕ್ಕ ಹಾಸಿಗೆ ಹಿಡಿದಿದ್ದಳು. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದ್ದರು. ಹಾಗೆಂದರೆ ಏನೆಂದು ನಮಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಸೊಸೆ ಒಳ್ಳೆಯವಳೇ, ಮುಂಬೈಯಲ್ಲೇ ಹುಟ್ಟಿ ಬೆಳೆದವಳು. ಹೊತ್ತು ಹೋಗಲಿ ಎಂದು ಅತ್ತೆಯ ಮಂಚದೆದುರು ಟೀವಿ ಇಟ್ಟು ಸಂಜೆಯಾದರೆ ದೇವರ ಸೀರಿಯಲ್ ಹಾಕಿಕೊಡುತ್ತಿದ್ದಳು.

ಒಂದು ಸಂಜೆ ಹೋದಾಗ ಕಿಟಕಿಗೆ ಪರದೆ ಎಳೆದಿತ್ತು. ನನಗೆ ಆಶ್ಚರ್ಯ. ಆ ಕಿಟಕಿಯಲ್ಲಿ ರಿಫೈನರಿಯ ಚಿಮಣಿಯ ತುದಿಯ ಬೆಂಕಿ ಕಾಣುತ್ತದೆ. ನಮ್ಮ ಭಾವ ಅಲ್ಲೇ ದುಡಿದು ರಿಟೈರ್ ಆದವರು, ಈಗಿಲ್ಲ. ಅವರಿಗೆ ನೈಟ್ ಶಿಫ್ಟ್ ಇದ್ದಾಗ ಅಕ್ಕ ಆ ಬೆಂಕಿ ತೋರಿಸಿ, "ಅಗೋ, ಅಪ್ಪ ಅಲ್ಲಿದ್ದಾರೆ" ಎಂದು ಮಕ್ಕಳಿಗೆ ಉಣ್ಣಿಸುತ್ತಿದ್ದಳು.

"ಪರದೆ ಯಾಕೆ ಅಕ್ಕ?"

"ತೆಗೀಬೇಡ ಮಾರಾಯ್ತಿ. ಅಲ್ಲಿ ಎಣ್ಣೆ ಕಾಯ್ತಾ ಉಂಟು."

ನಾನು ನಕ್ಕೆ. ಅವಳು ನಗಲಿಲ್ಲ. ಹಿಂದಿನ ದಿನದ ಸೀರಿಯಲ್ಲಿನಲ್ಲಿ ಯಮ ಸುಳ್ಳು ಹೇಳಿದವರನ್ನೆಲ್ಲ ಕುದಿಯುವ ಎಣ್ಣೆಯ ಕೊಪ್ಪರಿಗೆಯಲ್ಲಿ ಅದ್ದಿಸಿದ್ದನಂತೆ.

"ನನ್ನ ಅತ್ತೆ ಇದ್ದಾಗ ಪಾಯಸ ಕೇಳಿದಾಗೆಲ್ಲ ಮುಗಿದಿದೆ ಅಂತ ಸುಳ್ಳು ಹೇಳ್ತಿದ್ದೆ," ಎಂದಳು ಅಕ್ಕ. " ಪಾತ್ರೆಯಲ್ಲಿ ಇರ್ತಿತ್ತು."

"ಅವರಿಗೆ ಶುಗರ್ ಇತ್ತಲ್ಲ ಅಕ್ಕ!"

"ಅದು ಯಮನಿಗೆ ಗೊತ್ತುಂಟಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಅವನಿಗೆ ಧರ್ಮರಾಜ ಎಂದು ಹೆಸರು. ಧರ್ಮ ತಿಳಿದವನಿಗೆ ಶುಗರ್ ತಿಳಿಯುವುದಿಲ್ಲವೇ? ಸಾಯುವ ಹೊತ್ತಿನಲ್ಲಿ ಒಬ್ಬ ಮುದುಕಿಯಿಂದ ಅವಳ ಕಿಟಕಿಯನ್ನೇ ಕಿತ್ತುಕೊಂಡರಲ್ಲ ಈ ಸೀರಿಯಲ್ ಜನ! ಸೀದಾ ಹೋಗಿ ಟೀವಿ ಆಫ್ ಮಾಡಿದೆ. "ಶೇಮ್ ಆನ್ ಯು" ಎಂದೆ, ನಮ್ಮ ಕಾನ್ವೆಂಟಿನ ಸಿಸ್ಟರುಗಳ ಧಾಟಿಯಲ್ಲೇ, ಆ ಕಪ್ಪು ಗಾಜಿಗೆ.

ಸೊಸೆ ಅಡುಗೆಮನೆಯಿಂದ ಇಣುಕಿದಳು. "ಚಿಕ್ಕಮ್ಮ, ಇಷ್ಟು ಗುಸ್ಸಾ ಯಾಕೆ? ನಮ್ಮ ಶಾಸ್ತ್ರದಲ್ಲಿ ಇರೋದೇ ತೋರಿಸ್ತಾರೆ."

"ಯಾವ ಶಾಸ್ತ್ರ? ನೀನು ಓದಿದ್ದೀಯಾ?"

"ನೀವು ಓದಿದ್ದೀರಾ? ನೀವು ಕಾನ್ವೆಂಟಿನವರಲ್ವಾ!"

ಚುರುಕ್ಕೆಂದಿತು. ನಿಜ, ನನಗೆ ಬಾಲ್ಯದಲ್ಲಿ ಬಾಯಿಪಾಠವಾದದ್ದು ಹೇಲ್ ಮೇರಿ ಪ್ರಾರ್ಥನೆ. ಸಂಸ್ಕೃತ ಇವತ್ತಿಗೂ ಬರುವುದಿಲ್ಲ. ಆದರೆ ರಿಟೈರ್ ಆದ ಮೇಲೆ ಪೆನ್ಸಿಲ್ ಹಿಡಿದು ಕೂತು ಅನುವಾದಗಳನ್ನು ಓದಿದ್ದೇನೆ. ಪುರಾಣಗಳಲ್ಲಿ ನರಕ ಇದೆ, ಎಣ್ಣೆಯೂ ಇದೆ, ಇಲ್ಲ ಎಂದು ನಾನು ಹೇಳುವುದಿಲ್ಲ. ಗಂಡನ ಪ್ರಾಣ ಕೇಳುತ್ತ ಹಿಂದೆ ಹೋದ ಹೆಂಗಸಿನ ಹಳೆಯ ಕಥೆಯಲ್ಲೂ ಯಮನ ಕಣ್ಣು ಕೆಂಪು, ಕೈಯಲ್ಲಿ ಪಾಶ. ಆದರೆ ಅವನು ಅಟ್ಟಹಾಸ ಮಾಡುವುದಿಲ್ಲ. ಅವಳ ಮಾತು ಕೇಳುತ್ತಾನೆ, ಕೇಳಿ ಮೆಚ್ಚುತ್ತಾನೆ, ಮೆಚ್ಚಿ ಸೋಲುತ್ತಾನೆ. ಇನ್ನೂ ಹಿಂದಕ್ಕೆ, ವೇದದ ಸೂಕ್ತಗಳಿಗೆ ಹೋದರೆ, ಅವನು ಎಲ್ಲರಿಗಿಂತ ಮೊದಲು ಹೋಗಿ ಆಮೇಲೆ ಬರುವವರಿಗೆ ದಾರಿ ಕಂಡಿಟ್ಟವನು. ಎಲೆ ತುಂಬಿದ ಮರದ ಹತ್ತಿರ ದೇವತೆಗಳ ಜೊತೆ ಇರುತ್ತಾನೆ, ಅಲ್ಲಿ ಕೊಳಲು ಊದುತ್ತಾರೆ. ಕೊಳಲು! ಇಷ್ಟೆಲ್ಲ ಇರುವಾಗ ಈ ಸ್ಟುಪಿಡ್ ಜನಕ್ಕೆ ಸಿಕ್ಕಿದ್ದು ಆ ಹೊಟ್ಟೆ, ಆ ಮೀಸೆ, ಆ ಕೊಪ್ಪರಿಗೆ ಮಾತ್ರ.

ಮಂಚದ ಅಂಚಿನಲ್ಲಿ ಕೂತು ಅಕ್ಕನಿಗೆ ಹೇಳಿದೆ. "ಉಪನಿಷತ್ತಿನಲ್ಲಿ ಒಬ್ಬ ಹುಡುಗ ಯಮನ ಮನೆಗೆ ಹೋಗ್ತಾನೆ. ಯಮ ಊರಲ್ಲಿಲ್ಲ. ಮೂರು ರಾತ್ರಿ ಊಟವಿಲ್ಲದೆ ಬಾಗಿಲಲ್ಲೇ ಕಾದ. ಯಮ ವಾಪಸ್ ಬಂದ."

"ಬಂದು ಒದ್ದನಾ?"

"ಅಪಾಲಜಿ ಕೇಳಿದ! ಮನೆಗೆ ಬಂದ ಅತಿಥಿ ಉಪವಾಸ ಕೂತದ್ದು ತಪ್ಪಾಯ್ತು ಅಂತ ಕೈಮುಗಿದ. ಒಂದೊಂದು ರಾತ್ರಿಗೆ ಒಂದೊಂದು ವರ ಕೇಳು ಅಂದ. ಅತಿಥಿ ಬಂದಿದ್ದಾನೆ, ಮೊದಲು ನೀರು ತಾ ಅನ್ನುವ ಮಾತೂ ಅಲ್ಲಿ ಉಂಟು."

ಅಕ್ಕ ಸೂರು ನೋಡುತ್ತ ಮಲಗಿದ್ದಳು. ನಮ್ಮ ಉಡುಪಿ ಕಡೆಯ ಪದ್ಧತಿ, ಮನೆಗೆ ಯಾರು ಬಂದರೂ ಮೊದಲು ಬೆಲ್ಲ-ನೀರು. ಅಕ್ಕ ಅದನ್ನು ಮುಂಬೈಯಲ್ಲೂ ಬಿಡಲಿಲ್ಲ. ಗ್ಯಾಸ್ ಸಿಲಿಂಡರ್ ತಂದವನಿಗೆ, ಮೀಟರ್ ನೋಡಲು ಬಂದವನಿಗೆ, ಸೊಸೈಟಿಯ ಮೇಂಟೆನೆನ್ಸ್‌ಗೆ ಜಗಳ ಕಾಯಲು ಬಂದ ಸೆಕ್ರೆಟರಿಗೆ ಕೂಡ ಒಂದು ತುಂಡು ಬೆಲ್ಲ, ಒಂದು ಲೋಟ ನೀರು. ಬಾಯಲ್ಲಿ ಬೆಲ್ಲ ಇಟ್ಟುಕೊಂಡು ಆ ಮನುಷ್ಯನಿಗೆ ಜಗಳ ಮಾಡಲಿಕ್ಕೇ ಆಗಲಿಲ್ಲ.

"ಬೆಲ್ಲವೂ ಕೊಟ್ಟನಾ?" ಎಂದಳು ಕೊನೆಗೆ.

"ಬರೆದಿಲ್ಲ."

"ಕೊಟ್ಟಿರ್ತಾನೆ. ನೀರು ಕೊಡುವವ ಬೆಲ್ಲ ಕೊಡದೆ ಇರ್ತಾನಾ?"

ಅದಾದ ಮೇಲೆ ನಾನು ಅವಳನ್ನು ನೋಡಿದ್ದು ಒಂದೇ ಸಲ. ಮೆಟ್ಟಿಲಲ್ಲಿ ಮತ್ತೆ ಅದೇ ಹ್ಹಹ್ಹಹ್ಹಾ. ಸೊಸೆಗೆ ಸರಿಯಾಗಿ ಬೈಯಬೇಕೆಂದು ಏದುಸಿರು ಬಿಡುತ್ತ ಒಳಗೆ ಹೋದೆ.

"ಅತ್ತೆಯೇ ಹಾಕು ಅಂದ್ರು ಚಿಕ್ಕಮ್ಮ," ಎಂದಳು ಅವಳು, ನಾನು ಬಾಯಿ ತೆರೆಯುವ ಮೊದಲೇ.

ಅಕ್ಕ ಗಲ್ಲ ಎತ್ತಿ ಟೀವಿ ಕಡೆ ತೋರಿಸಿದಳು. ದನಿ ತೀರ ಸಣ್ಣಗಾಗಿತ್ತು. "ಇವ ಯಾರೋ ಬೇರೆ, ಮಾರಾಯ್ತಿ. ಇದು ನೀರು ಕೊಡುವವನ ಮುಖ ಅಲ್ಲ." ಆಮೇಲೆ ಸೊಸೆಯನ್ನು ಗದರಿದಳು, "ಚಿಕ್ಕಮ್ಮ ಬಂದು ಎಷ್ಟು ಹೊತ್ತಾಯ್ತು? ಬೆಲ್ಲ ಎಲ್ಲಿ?"

ಬೆಲ್ಲ ತಿಂದೆ, ನೀರು ಕುಡಿದೆ. ಕತ್ತಲಾಗುವ ಮೊದಲು ಲೋಕಲ್ ಹಿಡಿಯಬೇಕಿತ್ತು. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿ ತಿರುಗಿ ನೋಡಿದೆ. ಟೀವಿಯಲ್ಲಿ ಆ ದರಿದ್ರದವನು ಇನ್ನೂ ನಗುತ್ತಲೇ ಇದ್ದ. ಅಕ್ಕ ಅವನನ್ನು ನೋಡುತ್ತಿರಲಿಲ್ಲ, ನನ್ನನ್ನೂ ನೋಡುತ್ತಿರಲಿಲ್ಲ. ಕಿಟಕಿಯ ಪರದೆ ಪೂರ್ತಿ ಸರಿದಿತ್ತು. ಹಿಂದೆ ಭಾವ ಶಿಫ್ಟ್ ಮುಗಿಸಿ ಬರುವ ಹೊತ್ತಿಗೆ ಹೇಗೆ ನೋಡುತ್ತಿದ್ದಳೋ, ಹಾಗೆ ಆ ಬೆಂಕಿಯ ಕಡೆ ನೋಡುತ್ತಿದ್ದಳು.