ಬೀರಪ್ಪಣ್ಣ ವೀಳ್ಯ ವಾಪಸು ತಗೊಂಡದ್ದು

ಧಾರೇಶ್ವರದ ಬೀರಪ್ಪಣ್ಣನಿಗೆ ಮೀನು ಮಾರುವುದೆಂದರೆ ಯಾವ ಹೆಂಗಸಿಗೂ ಆಗುವುದಿಲ್ಲ. ಕಿವಿರು ಎತ್ತಿ ಎಲ್ಲರೂ ನೋಡುತ್ತಾರೆ, ಅದು ಸರಿ. ಇವನು ಕಿವಿರು ನೋಡಿ, ಕಣ್ಣು ನೋಡಿ, ಬೆರಳಿಂದ ಒತ್ತಿ, ಆಮೇಲೆ ಮಾರುವವಳ ಮುಖ ನೋಡುತ್ತಾನೆ. "ಇವತ್ತಿಂದೇ ಹೌದನಾ?" ಎಂದು ಕೇಳುತ್ತಾನೆ. ಅವಳು ಹೌದು ಎಂದರೆ, "ಇಷ್ಟು ಬೇಗ ಹೌದು ಹೇಳಿದ್ದು ಎಂತಕ್ಕೆ?" ಎನ್ನುತ್ತಾನೆ. ನಾನು ದಿವಾಕರ, ಅವನ ಶಾಮಿಯಾನದ ಟೆಂಪೋ ಓಡಿಸುವವನು. ಕುಮಟೆಯಿಂದ ಭಟ್ಕಳದವರೆಗೆ ಈ ಮನುಷ್ಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿರುಗಿ ನನ್ನ ತಲೆ ಕೆಟ್ಟಿದೆ. ಡೀಸೆಲ್ ಹಾಕಿಸುವಾಗ ಕೆಳಗಿಳಿದು ಮೀಟರಿನ ಮುಂದೆ ನಿಲ್ಲುತ್ತಾನೆ. ನೋಡುವುದು ಬಂಕಿನವನನ್ನಲ್ಲ, ನನ್ನನ್ನು.

ಹುಟ್ಟುವಾಗಲೇ ಹೀಗಿದ್ದನೋ ಏನೋ. ಆದರೆ ಆ ಸಂಶಯಕ್ಕೆ ಗೊಬ್ಬರ ಹಾಕಿದ್ದು ಯಕ್ಷಗಾನ ಮೇಳ. ಪ್ರಾಯದಲ್ಲಿ ಅವನು ಒಂದು ಡೇರೆ ಮೇಳದ ಮ್ಯಾನೇಜರ್ ಆಗಿದ್ದ. ಮಳೆಗಾಲ ಮುಗಿಯುವ ಹೊತ್ತಿಗೆ ಕಲಾವಿದರ ಮನೆಮನೆಗೆ ಹೋಗಿ, ಎಲೆಯಡಿಕೆಯ ವೀಳ್ಯ ಕೊಟ್ಟು ಬರುವುದು ಅವನ ಕೆಲಸ. ವೀಳ್ಯ ಹಿಡಿದವನು ಆ ವರ್ಷದ ತಿರುಗಾಟ ಮುಗಿಯುವವರೆಗೆ ಬೇರೆ ಮೇಳದಲ್ಲಿ ಗೆಜ್ಜೆ ಕಟ್ಟಬಾರದು. ಸಹಿ ಇಲ್ಲ, ಸಾಕ್ಷಿ ಇಲ್ಲ, ಮಾತು ಅಷ್ಟೇ. ಒಂದು ವರ್ಷ ಮೇಳದ ಮುಖ್ಯ ಸ್ತ್ರೀವೇಷದವನು ತಾಯಿಗೆ ಹುಷಾರಿಲ್ಲ ಎಂದ. ಬೀರಪ್ಪಣ್ಣ ತಾನೇ ಮೂಸಂಬಿ ಕೊಡಿಸಿ, ಬಸ್ಸು ಹತ್ತಿಸಿ ಕಳಿಸಿದ. ಮುಂದಿನ ವಾರ ಆ ಮಹಾಶಯನ ಹೆಸರು ಬೇರೆ ಮೇಳದ ಪೋಸ್ಟರಿನಲ್ಲಿ ದಪ್ಪಕ್ಷರದಲ್ಲಿತ್ತು. ಅಂದಿನಿಂದ ಬೀರಪ್ಪಣ್ಣ ಯಾರ ತಾಯಿಯ ಕಾಯಿಲೆಯನ್ನೂ ನಂಬಿಲ್ಲ.

ಮೇಳ ನಿಂತ ಮೇಲೆ ಶಾಮಿಯಾನದ ಅಂಗಡಿ ಹಾಕಿದ. ಫುಟ್‌ಬಾಲಿನ ಗಂಧಗಾಳಿ ಇಲ್ಲದ ಮನುಷ್ಯ ಅದಕ್ಕೆ ಬಿದ್ದದ್ದು ಚಂದನಾಳಿಂದ. ಹೊಳನಗದ್ದೆಯ ಹುಡುಗಿ ಅವಳು. ತಾಯಿ ತಿಮ್ಮಕ್ಕ ತರಕಾರಿ ಬೆಳೆದು ಕುಮಟೆ ಪೇಟೆಯಲ್ಲಿ ಮಾರುತ್ತಾಳೆ. ಒಂದು ಸಂಜೆ ನಾವು ಧಾರೇಶ್ವರದ ಕಡಲ ಬದಿಗೆ ಮದುವೆಯ ಚಪ್ಪರ ಹಾಕಲು ಹೋದಾಗ ಹುಡುಗಿಯರು ಮರಳಲ್ಲಿ ಚೆಂಡು ಒದೆಯುತ್ತಿದ್ದರು. ಎರಡು ಕೋಲು ನೆಟ್ಟ ಗೋಲಿನಲ್ಲಿ ನಿಂತಿದ್ದ ಚಂದನಾ ಅಡ್ಡಕ್ಕೆ ಹಾರಿ ಚೆಂಡು ಹಿಡಿದು, ಮರಳಲ್ಲಿ ಉರುಳಿ, ನಗುತ್ತ ಎದ್ದಳು. ಹಗ್ಗ ಬಿಗಿಯುತ್ತಿದ್ದ ಬೀರಪ್ಪಣ್ಣನ ಕೈ ನಿಂತಿತು. "ದಿವಾಕರ, ನಮ್ಮ ಮೇಳದಾಗೆ ಒಬ್ಬನಾದ್ರೂ ಹಿಂಗೆ ಹಾರ್ತಿದ್ನನಾ?" ಎಂದ. ಮರುವರ್ಷಕ್ಕೆ 'ಕಡಲತಾರೆ' ಎಂಬ ಹುಡುಗಿಯರ ತಂಡ ಆಯಿತು. ಮ್ಯಾನೇಜರ್ ಇವನು, ಡ್ರೈವರ್ ನಾನು.

ಮೇಳದ ಬುದ್ಧಿ ಎಲ್ಲಿಗೆ ಹೋಗುತ್ತದೆ! ಮಳೆ ನಿಂತೊಡನೆ ಪ್ರತಿ ಹುಡುಗಿಯ ಮನೆಗೂ ಹೋಗಿ ವೀಳ್ಯ ಕೊಡಲು ಶುರುಮಾಡಿದ. ಹುಡುಗಿಯರು ಬಾಯಿಗೆ ಕೈಯಿಟ್ಟು ನಕ್ಕರೂ ತಾಯಂದಿರು ಗಂಭೀರವಾಗಿ ತೆಗೆದುಕೊಂಡರು. ಅದಕ್ಕಿಂತ ದೊಡ್ಡ ಕಿತಾಪತಿ ಇನ್ನೊಂದು. ಆಟಗಾರ್ತಿಯರ ನೋಂದಣಿ ಮಾಡಿಸುವಾಗ ಎಲ್ಲರ ಹೆಸರಿನ ಮುಂದೆಯೂ ತನ್ನದೇ ಫೋನ್ ನಂಬರು ಬರೆಸಿದ. ಬೇರೆ ಕ್ಲಬ್ಬಿನವರು ಯಾವ ಹುಡುಗಿಯನ್ನು ಮರುಳುಮಾಡಲು ಫೋನು ಮಾಡಿದರೂ ಎತ್ತುವವನು ಬೀರಪ್ಪಣ್ಣನೇ. ಇದನ್ನು ನನಗೆ ಹೇಳಿ ಒಬ್ಬನೇ ನಕ್ಕಿದ್ದ.

ಈ ವರ್ಷ ಚಂದನಾ ರಾಜ್ಯದ ಕಿರಿಯರ ತಂಡದಲ್ಲಿ ಆಡಿ ಬಂದಳು. ಊರಿಗೆ ಬಂದವಳೇ ನಮ್ಮ ತಂಡವನ್ನು ಭಟ್ಕಳದ ಪಂದ್ಯಾವಳಿಯ ಫೈನಲ್ಲಿಗೆ ಮುಟ್ಟಿಸಿದಳು. ಫೈನಲ್ಲು ಭಾನುವಾರ, ಎದುರು ಹೊನ್ನಾವರದ ತಂಡ. ಆ ತಂಡದ ಯಜಮಾನ ಬೇಕರಿ ಕೃಷ್ಣಾನಂದ ಹೋದ ವರ್ಷ ಚಂದನಾಳಿಗೆ ಒಳ್ಳೆಯ ಗ್ಲೋವ್ಸ್ ಕೊಡಲು ಬಂದಿದ್ದ. ಬೀರಪ್ಪಣ್ಣ ಅದನ್ನು ವಾಪಸು ಕಳಿಸಿದ್ದಲ್ಲದೆ, ಅಂದಿನಿಂದ ಹೊನ್ನಾವರದಲ್ಲಿ ಬ್ರೆಡ್ಡು ಕೊಳ್ಳುವುದನ್ನೂ ಬಿಟ್ಟಿದ್ದ.

ಆ ಬುಧವಾರ ನಾವು ಚಪ್ಪರ ಬಿಚ್ಚಿ ಟೆಂಪೋದಲ್ಲಿ ಬರುತ್ತಿದ್ದಾಗ ಫೋನು ಬಂತು. ಗಾಡಿಯ ಸದ್ದಿಗೆ ಕೇಳುವುದಿಲ್ಲವೆಂದು ಸ್ಪೀಕರಿಗೆ ಹಾಕಿದ. ಹಿಂದಿಯಲ್ಲಿ ಒಬ್ಬ ಹೆಂಗಸು. ತಾನು ಭಾರತದ ಕಿರಿಯ ಮಹಿಳಾ ತಂಡದ ಕೋಚ್ ಎಂದಳು. ವಿದೇಶದಲ್ಲಿ ಒಂದು ಪಂದ್ಯ ಇದೆ, ಚಂದನಾ ಬೇಕು, ಶನಿವಾರ ಸಂಜೆ ಗೋವೆಯ ಕ್ಯಾಂಪಿನಲ್ಲಿರಬೇಕು. ಅಂತರರಾಷ್ಟ್ರೀಯ ಪಂದ್ಯಕ್ಕೆಂದೇ ಗೊತ್ತುಮಾಡಿದ ದಿನಗಳಾದರೆ ಕ್ಲಬ್ಬಿನವರು ಆಟಗಾರರನ್ನು ಬಿಡಲೇಬೇಕಂತೆ. ಇದು ಆ ದಿನಗಳ ಹೊರಗೆ ಬಿದ್ದಿದೆ, ಹಾಗಾಗಿ ನೀವು ಒಪ್ಪಿದರೆ ಮಾತ್ರ ಎಂದಳು. ಒಂದು ದೊಡ್ಡ ಕ್ಲಬ್ಬು ತನ್ನ ಗೋಲ್‌ಕೀಪರನ್ನು ಬಿಡುವುದಿಲ್ಲ ಎಂದು ಕೂತಿದೆ, ಅದಕ್ಕೇ ಈ ಅವಕಾಶ ಬಂದದ್ದು ಎಂದೂ ಹೇಳಿದಳು. ಪಾಸ್‌ಪೋರ್ಟು, ಆಧಾರ್ ಕಾರ್ಡಿನ ಫೋಟೋ ಕಳಿಸಿ ಎಂದಳು.

ಆಧಾರ್ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಬೀರಪ್ಪಣ್ಣ ನೆಟ್ಟಗೆ ಕೂತ. ಭಟ್ಕಳದ ಪೇಟೆಯಲ್ಲಿ ಕಲಿತ ಹಿಂದಿಯಲ್ಲಿ ಒಂದೇ ಮಾತು ಕೇಳಿದ: "ದೊಡ್ಡವರೇ ಬಿಡದ್ದನ್ನ ನಾ ಎಂತಕ್ಕೆ ಬಿಡಬೇಕು?" ಫೋನು ಕಟ್ ಮಾಡಿ ಆ ನಂಬರನ್ನು ಬ್ಲಾಕ್ ಮಾಡಿದ.

"ಕೃಷ್ಣಾನಂದನ ಕೆಲಸ. ಫೈನಲ್ ಭಾನುವಾರ, ಕರೆಯೂದು ಶನಿವಾರ. ನನ್ನ ಕೈಲಿ ಇನ್ನೊಂದ್ಸಲ ಮೂಸಂಬಿ ಕೊಡ್ಸೂಕೆ ಬಂದಾರೆ."

"ಖರೆ ಆಗಿದ್ರೆ, ಬೀರಪ್ಪಣ್ಣ?"

"ನೀ ರಸ್ತೆ ನೋಡು."

ರಸ್ತೆ ನೋಡಿದೆ. ಆದರೆ ಮೈ ಉರಿಯುತ್ತಿತ್ತು. ಫೋನು ಬಂದದ್ದು ಚಂದನಾಳಿಗೆ, ಕಟ್ ಮಾಡಿದ್ದು ಇವನು, ಆ ಹುಡುಗಿಗೆ ಸುದ್ದಿಯೇ ಇಲ್ಲ. ಮರುದಿನ ಬೆಳಿಗ್ಗೆ ಕುಮಟೆ ಪೇಟೆಯಲ್ಲಿ ತಿಮ್ಮಕ್ಕನ ಬದನೆಕಾಯಿ ಬುಟ್ಟಿಯ ಮುಂದೆ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಹೇಳಿದ್ದಕ್ಕೆ ನನಗೆ ಇವತ್ತಿಗೂ ಒಂದು ಚೂರು ಬೇಸರವಿಲ್ಲ.

ಮಧ್ಯಾಹ್ನದೊಳಗೆ ತಾಯಿ ಮಗಳು ಶಾಮಿಯಾನದ ಅಂಗಡಿಯಲ್ಲಿದ್ದರು. ಬೀರಪ್ಪಣ್ಣ ಮೊದಲು ನೋಡಿದ್ದು ನನ್ನನ್ನು, ಮೀನಿನ ಕಿವಿರು ನೋಡುವ ಹಾಗೆ.

"ಮಾವ, ನಂಗೆ ಫೋನ್ ಬಂದಿತ್ತಾ?" ಎಂದಳು ಚಂದನಾ.

"ಅದು ಸುಳ್ಳು ಫೋನು, ಕೂಸೆ. ಮೋಸ ಮಾಡುವವ್ರು."

"ಸುಳ್ಳು ಅಂದೇಳಿ ಹೆಂಗೆ ಗೊತ್ತಾತು? ಕೇಳಿದ್ರಾ ಯಾರನ್ನಾದ್ರೂ?" ಗ್ಲೋವ್ಸಿನ ಚೀಲದೊಳಗೆ ಕೈಹಾಕಿ ಒಂದು ಅಡಿಕೆ ತೆಗೆದಳು. ಇವನು ಕೊಟ್ಟ ವೀಳ್ಯದ್ದು. ಎಲೆ ಒಣಗಿ ಹೋಗಿರಬೇಕು, ಅಡಿಕೆಯನ್ನು ಇಟ್ಟುಕೊಂಡಿದ್ದಳು. "ಕೊಟ್ಟವ್ರು ನೀವು. ನೀವು ವಾಪಸು ತಗೊಂಡ್ರೆ ಹೋಗ್ತೆ. ಇಲ್ದಿದ್ರೆ ಭಾನುವಾರ ನಿಮ್ಮ ಗೋಲಿನಾಗೆ ನಿಲ್ತೆ, ಮಾತು ತಪ್ಪೂದಿಲ್ಲ. ಆದ್ರೆ ನಂಗೆ ಹೋಗ್ಬೇಕು, ಮಾವ. ಸಣ್ಣಿಂದ ಮರಳಾಗೆ ಬಿದ್ದದ್ದು ಇದ್ಕೇ."

ಅಳು ಬಂತು ಅವಳಿಗೆ. ತಿಮ್ಮಕ್ಕ ಸೆರಗಿನಿಂದ ಮಗಳ ಮುಖ ಒರೆಸಿದಳು, ಬೀರಪ್ಪಣ್ಣನ ಕಡೆ ತಿರುಗಿಯೂ ನೋಡಲಿಲ್ಲ. ಅಡಿಕೆ ಹುಡುಗಿಯ ಅಂಗೈಯಲ್ಲೇ ಉಳಿಯಿತು. ಇವನು ಅದನ್ನು ಮುಟ್ಟದೆ ಚಪ್ಪಲಿ ಮೆಟ್ಟಿಕೊಂಡು, "ದಿವಾಕರ, ಗಾಡಿ ತೆಗಿ. ಹೊನ್ನಾವರಕ್ಕೆ," ಎಂದ.

ಕೃಷ್ಣಾನಂದ ಬೇಕರಿಯಲ್ಲಿ ಖಾರಾ ಬಿಸ್ಕತ್ತು ಜೋಡಿಸುತ್ತಿದ್ದ. ಬೀರಪ್ಪಣ್ಣ ಮುಖಕ್ಕೆ ಮುಖ ಕೊಟ್ಟು ಕೇಳಿದ: ಹಿಂದಿ ಮಾತಾಡಲು ಯಾವ ಹೆಂಗಸನ್ನು ಹಿಡಿದೆ? ಕೃಷ್ಣಾನಂದನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಗಲ್ಲಾಪೆಟ್ಟಿಗೆಯ ಮೇಲೆ ಕೈಯೂರಿ ನಕ್ಕ.

"ಬೀರಪ್ಪಾ, ನಂಗೆ ಅಷ್ಟು ತಲೆ ಇದ್ರೆ ಇಲ್ಲಿ ಬಿಸ್ಕತ್ತು ಎಂತಕ್ಕೆ ಮಾರ್ತಿದ್ದೆ? ಆದ್ರೂ ಕಳ್ಸು ಮಾರಾಯ ಅವಳನ್ನ. ಅವಳು ಹೋದ್ರೆ ಕಪ್ಪು ನಮ್ದೇ."

ಬೀರಪ್ಪಣ್ಣನ ಸಂಶಯಕ್ಕೆ ಅಷ್ಟು ಸಾಕಾಯಿತು. "ಕಳ್ಸು ಅಂದೇಳಿ ಅವನೇ ಹೇಳ್ತ, ಕೇಳಿದ್ಯಾ?" ಎಂದು ದಾರಿಯುದ್ದಕ್ಕೂ ಗೊಣಗಿದ. ನನಗೆ ತಡೆಯಲಾಗಲಿಲ್ಲ. ಗಾಡಿಯನ್ನು ರಸ್ತೆಯ ಬದಿಗೆ ಹಾಕಿ ಹೇಳಿದೆ, "ಬೀರಪ್ಪಣ್ಣ, ನೀ ಎಲ್ಲರ ಮೇಲೂ ಸಂಶಯ ಮಾಡ್ತೆ. ಒಂದ್ಸಲ ನಿನ್ನ ಮೇಲೂ ಮಾಡಿ ನೋಡು. ಆ ಫೋನು ಖರೆ ಆಗಿ, ಈ ಹುಡುಗಿ ಜೀವಮಾನ ಪೂರ್ತಿ ಊರಾಗೇ ಉಳಿದ್ರೆ, ಆ ಮುಖ ನೋಡೂಕೆ ಆಗ್ತದನಾ ನಿಂಗೆ?"

ಲಾರಿಗಳು ಪಕ್ಕದಲ್ಲಿ ಹಾದುಹೋದವು. ಕಡೆಗೆ ಬೀರಪ್ಪಣ್ಣ ಫೋನು ತೆಗೆದು, ಬ್ಲಾಕು ಬಿಚ್ಚಲು ಬಾರದೆ ನನ್ನ ಕೈಗೆ ಕೊಟ್ಟ. ನಾನೇ ಬಿಚ್ಚಿ ಆ ನಂಬರಿಗೆ ಫೋನು ಹಚ್ಚಿದೆ. ಅದೇ ಹೆಂಗಸು ಎತ್ತಿದಳು.

ಬೀರಪ್ಪಣ್ಣ ನಮಸ್ಕಾರವನ್ನೂ ಹೇಳಲಿಲ್ಲ. "ನಮ್ಮ ಹುಡುಗಿ ಆಟ ನೋಡಿದ್ದು ಖರೆ ಆದ್ರೆ ಅವಳ ಕೊರತೆ ಹೇಳು. ಹೊಗಳೂಕೆ ಯಾರಿಗಾದ್ರೂ ಬರ್ತದೆ," ಎಂದ.

ಅವಳು ಸಿಟ್ಟಾಗಲಿಲ್ಲ. ಎಡಗಡೆಯ ಮೂಲೆಯಿಂದ ಕಾರ್ನರ್ ಬರುವಾಗ ಎದುರಿನವರು ಚೆಂಡು ಒದೆಯುವ ಮೊದಲೇ ಚಂದನಾ ಮುಂದೆ ಓಡುತ್ತಾಳೆ, ಗೋಲಿನಲ್ಲಿ ಹತ್ತಿರದ ಕಂಬದ ಬದಿ ಖಾಲಿ ಬೀಳುತ್ತದೆ ಎಂದಳು. ರಾಜ್ಯದ ಪಂದ್ಯದಲ್ಲಿ ತಾನದನ್ನು ನೋಡಿದ್ದೇನೆ. ಹೆದರಿಕೆಯಿಂದಲ್ಲ, ಆತುರದಿಂದ ಆಗುವ ತಪ್ಪು, ತಿದ್ದಬಹುದು, ತಿದ್ದಲೆಂದೇ ಕರೆಯುತ್ತಿದ್ದೇನೆ ಎಂದಳು.

ಬೀರಪ್ಪಣ್ಣನ ಮುಖ ಇಳಿಯಿತು. ಅದು ಅವನೊಬ್ಬನಿಗೆ ಗೊತ್ತಿದ್ದ ಗುಟ್ಟು. ಎದುರಾಳಿಗಳ ಕಣ್ಣಿಗೆ ಬೀಳಬಾರದೆಂದು ಆ ಕಂಬದ ಹತ್ತಿರ ಯಾವಾಗಲೂ ತಂಡದ ಒಬ್ಬ ಎತ್ತರದ ಹುಡುಗಿಯನ್ನು ನಿಲ್ಲಿಸುತ್ತಿದ್ದ. ಅವನು ಮುಚ್ಚಿಟ್ಟಿದ್ದ, ಈಕೆ ತಿದ್ದುತ್ತೇನೆ ಎನ್ನುತ್ತಿದ್ದಳು.

"ವಾಪಸು ಕಳಿಸ್ತ್ರಾ?" ಎಂದು ಕೇಳಿದ. ದನಿ ಸಣ್ಣದಾಗಿತ್ತು. ಖಂಡಿತ ಎಂದಳು. "ಎಲ್ಲರೂ ಹಂಗೇ ಹೇಳೂದು," ಎಂದ. ಆದರೆ ಫೋನು ಇಡಲಿಲ್ಲ. ತನ್ನ ಅಂಗಿಯ ಕಿಸೆಯಿಂದ ಒಂದು ಚೀಟಿ ತೆಗೆದು, ಚಂದನಾಳ ಸ್ವಂತ ಫೋನ್ ನಂಬರನ್ನು ಓದಿ ಹೇಳಿದ. ಎರಡು ಸಲ ಹೇಳಿದ. "ಇನ್ಮೇಲೆ ಅವಳಿಗೇ ಮಾಡಿ. ನಂಗೆ ಬೇಡ."

ಶನಿವಾರ ಕುಮಟೆ ಸ್ಟೇಶನ್ನಿನಲ್ಲಿ ತಿಮ್ಮಕ್ಕ ಮಗಳಿಗೆ ಚಕ್ಕುಲಿಯ ಡಬ್ಬಿ ಕೊಟ್ಟಳು. ರೈಲು ಬರುವ ಮೊದಲು ಚಂದನಾ ಬೀರಪ್ಪಣ್ಣನ ಮುಂದೆ ಬಂದು ಅಡಿಕೆ ಚಾಚಿದಳು. ಮೇಳದಲ್ಲಿದ್ದ ಅಷ್ಟೂ ವರ್ಷ ಕೊಟ್ಟ ವೀಳ್ಯವನ್ನು ವಾಪಸು ಪಡೆಯದ ಮನುಷ್ಯ ಎರಡೂ ಕೈಯೊಡ್ಡಿ ತೆಗೆದುಕೊಂಡ. ಅವಳು ಕಾಲಿಗೆ ಬಿದ್ದಳು. ಇವನು ಅವಳನ್ನು ಎತ್ತುವ ಬದಲು, "ಕಾರ್ನರ್ ಬರೂವಾಗ ಓಡ್ಬೇಡ," ಎಂದ. ರೈಲು ಹೋದ ಮೇಲೂ ಆ ಅಡಿಕೆಯನ್ನು ಮುಷ್ಟಿಯಲ್ಲೇ ಹಿಡಿದಿದ್ದ. ಅವಳು ಬರುವುದಿಲ್ಲ ಎಂದು ಅವನಿಗೆ ಭಯ. ಆ ಭಯವನ್ನೇ ನಾನು ಇಷ್ಟು ವರ್ಷ ಸಂಶಯ ಎಂದುಕೊಂಡು ಬೈಯುತ್ತಿದ್ದೆ.

ಭಾನುವಾರ ಭಟ್ಕಳದಲ್ಲಿ ನಾವು ಸೋತೆವು, ಮೂರು ಗೋಲಿನಿಂದ. ಮೂರೂ ಚಂದನಾ ಹಿಡಿಯಬಹುದಾದ ಚೆಂಡುಗಳು. ಒಂದನ್ನಂತೂ ಅವಳು ಕಣ್ಣು ಮುಚ್ಚಿ ಹಿಡಿಯುತ್ತಿದ್ದಳು. ಕೃಷ್ಣಾನಂದ ಕಪ್ಪು ಎತ್ತಿಕೊಂಡು ನಮ್ಮ ಮುಂದೆಯೇ ಹಾದುಹೋದ. ನಮ್ಮ ಹುಡುಗಿಯರು ಟೆಂಪೋದ ಹಿಂದೆ ಕೂತು ಅಳುತ್ತಿದ್ದರು.

ಗಾಡಿ ಹೊರಡುವಾಗ ಬೀರಪ್ಪಣ್ಣನಿಗೆ ಫೋನು ಬಂತು. ಚಂದನಾ. ಅವನು ಸ್ಪೀಕರಿಗೆ ಹಾಕಿದ.

"ಮಾವ, ಎಂತ ಆತು? ಗೆದ್ರಾ?"

"ಸೋತ್ವು."

"ನಾ ಇದ್ದಿದ್ರೆ..." ಎಂದಳು.

"ನೀ ಇದ್ರೂ ಸೋಲ್ತಿದ್ವು, ಕೂಸೆ," ಎಂದ ಬೀರಪ್ಪಣ್ಣ. "ಹಿಡಿಯೂಕಾಗುವ ಚೆಂಡೇ ಅಲ್ಲ ಅವು. ಬೇಕಾದ್ರೆ ದಿವಾಕರನ್ನ ಕೇಳು."

ಫೋನನ್ನು ನನ್ನ ಕಡೆ ಹಿಡಿದ. ಇಷ್ಟು ವರ್ಷದಲ್ಲಿ ಆ ಮನುಷ್ಯನ ಬಾಯಲ್ಲಿ ನಾನು ಕೇಳಿದ ಮೊದಲ ಸುಳ್ಳು ಅದು. ಹೌದು ಚಂದನಾ, ಎಂದೆ.