ಗುಲ್ನೋರಾ ಹೇಳಿದ ತೋಳ

ಇವತ್ತು ಬೆಳಿಗ್ಗೆ ಲಿಫ್ಟ್ ಬಾಗಿಲು ತೆರೆದರೆ ನಾನೇ ಹುರಿದಿಟ್ಟು ಹೋಗಿದ್ದ ಜೀರಿಗೆಯ ಘಮಲು. ಜಪಾನಿನ ಕೋಬೆಯ ಈ ಗುಡ್ಡದ ಅಪಾರ್ಟ್‌ಮೆಂಟಿನಲ್ಲಿ ಜೀರಿಗೆ ಹುರಿಯುವವಳು ನಾನೊಬ್ಬಳೇ ಅಂದುಕೊಂಡಿದ್ದ ಕಾಲವೊಂದಿತ್ತು. ಆಮೇಲೆ ಪಕ್ಕದ ಮನೆಗೆ ಗುಲ್ನೋರಾ ಬಂದಳು.

ಉಜ್ಬೇಕಿಸ್ತಾನದವಳು. ಗಂಡ ಇಲ್ಲಿ ಸಂಶೋಧಕ. ಕೊರೋನಾದ ಮೊದಲ ವರ್ಷ, ತಂದೆಯನ್ನು ನೋಡಿಬರಲು ಊರಿಗೆ ಹೋದವನು ಗಡಿ ಮುಚ್ಚಿ ಅಲ್ಲೇ ಉಳಿದುಬಿಟ್ಟ. ಇವಳು ಇಲ್ಲಿ ತುಂಬು ಬಸುರಿ.

ಮಗಳು ಇಂಚರಾಳ ಶಾಲೆಯೂ ಮುಚ್ಚಿತ್ತು. ಬಾಲ್ಕನಿಯಲ್ಲಿ ಕೂತು ಅವಳಿಗೆ ಇಂಗ್ಲಿಷ್ ಜಾನಪದ ಕಥೆ ಓದುತ್ತಿದ್ದೆ. ಅವುಗಳಲ್ಲಿ ತೋಳ ಬಂತೆಂದರೆ ಯಾರದೋ ಬಾಗಿಲಲ್ಲಿ ಬಾಯಿ ತೆರೆದು ನಿಂತಿತೆಂದೇ ಅರ್ಥ. ನನ್ನ ತೋಳದ ದನಿಯ ಬಗ್ಗೆ ನನಗೆ ಸ್ವಲ್ಪ ಜಂಭವೂ ಇತ್ತೆನ್ನಿ. ಒಂದು ದಿನ ನಾನು ಗುರುಗುಡುತ್ತಿದ್ದಾಗ ಬಾಲ್ಕನಿಯ ಅಡ್ಡಗೋಡೆಯಾಚೆಯಿಂದ ಹರಕು ಜಪಾನಿಯಲ್ಲಿ ದನಿ ಬಂತು: “ಸುಮಿಮಾಸೆನ್, ಕ್ಷಮಿಸಿ. ತೋಳ ಕೆಟ್ಟದ್ದಲ್ಲ.”

ಅವಳಜ್ಜಿಯ ಕಥೆಯಲ್ಲಿ ತೋಳ, ದಾರಿ ತಪ್ಪಿದ ರಾಜಕುಮಾರನನ್ನು ಬೆನ್ನ ಮೇಲೆ ಹೊತ್ತು ಮನೆ ಮುಟ್ಟಿಸುತ್ತದಂತೆ. ನರಿ ಮಾತ್ರ ಅಲ್ಲೂ ಮೋಸಗಾರ. “ನಮ್ಮಲ್ಲೂ ಅಷ್ಟೇ” ಅಂದೆ. ನರಿಯ ವಿಷಯದಲ್ಲಿ ಅವಳ ದೇಶ, ನಮ್ಮ ದೇಶ, ಪುಸ್ತಕದ ಇಂಗ್ಲೆಂಡ್, ಮೂರಕ್ಕೂ ಒಮ್ಮತ.

“ಮಗು ಹುಟ್ಟಿದರೆ ನಾವು ಕೇಳೋದು, ಬೋರಿಮಿ, ತುಲ್ಕಿಮಿ? ತೋಳವೋ, ನರಿಯೋ? ಗಂಡಾದರೆ ತೋಳ, ಹೆಣ್ಣಾದರೆ ನರಿ” ಅಂದಳು ಗುಲ್ನೋರಾ.

“ಹಾಗಾದ್ರೆ ನಾನು ನರಿನಾ?” ಇಂಚರಾ ಮುಖ ಊದಿಸಿ ಜಪಾನಿಯಲ್ಲೇ ಕೇಳಿದಳು.

ನೋವು ಶುರುವಾದಾಗ ಟ್ಯಾಕ್ಸಿಯಲ್ಲಿ ಅವಳ ಜೊತೆ ನಾನೇ ಹೋದೆ. ಆಸ್ಪತ್ರೆಯೊಳಗೆ ಬೇರೆ ಯಾರನ್ನೂ ಬಿಡುತ್ತಿರಲಿಲ್ಲ. ಬ್ಯಾಗನ್ನು ತಾನೇ ಎತ್ತಿಕೊಂಡು, ಒಮ್ಮೆಯೂ ತಿರುಗಿ ನೋಡದೆ ಗಾಜಿನ ಬಾಗಿಲು ದಾಟಿದಳು.

ಮರುದಿನ ಮಧ್ಯಾಹ್ನ ಅವಳ ಫೋನ್. ಗೊತ್ತಿದ್ದ ಮರ್ಯಾದೆಯ ಜಪಾನಿ ಮಾತನ್ನೆಲ್ಲ ನಾನು ಜೋಡಿಸಿಕೊಳ್ಳುವಷ್ಟರಲ್ಲಿ ಇಂಚರಾ ಫೋನ್ ಕಸಿದು, “ಬೋರಿಮಿ, ತುಲ್ಕಿಮಿ?” ಅಂದಳು.

ಆ ಕಡೆಯಿಂದ ಅಳುವೋ ನಗುವೋ ತಿಳಿಯದ ದನಿ: “ಬೋರಿ!”

ಗಂಡುಮಗು ಅಂದುಕೊಂಡು ಖುಷಿಪಟ್ಟೆವು. ವಾರ ಕಳೆದು ಅವಳು ಮನೆಗೆ ಬಂದಾಗ ಎತ್ತಿಕೊಂಡು ನೋಡಿದರೆ ಹೆಣ್ಣು.

“ಮತ್ತೆ ಬೋರಿ ಅಂದೆಯಲ್ಲ?”

“ಕೇಳಿದ್ದು ಇಂಚರಾ ಅಲ್ವಾ? ಅವಳಿಗೆ ನರಿ ಅಂತ ಹೇಗೆ ಹೇಳಲಿ?” ಅಂದಳು. ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು, “ಗಂಡನಿಗೂ ಹಾಗೇ ಹೇಳಿದೆ. ಅವನ ಅಮ್ಮ, ತಪ್ಪು ಹೇಳ್ತಿದ್ದೀಯ ಅಂದರು. ಇಲ್ಲ, ಸರಿಯಾಗೇ ಹೇಳಿದ್ದೀನಿ ಅಂದೆ.”

ಗಂಡ ಬಂದು ಮಗುವಿನ ಮುಖ ನೋಡುವಷ್ಟರಲ್ಲಿ ಅದು ಮಗುಚಿಕೊಳ್ಳುತ್ತಿತ್ತು. ಮುಂದಿನ ವರ್ಷ ಅವರು ಫುಕುವೋಕಾಕ್ಕೆ ಹೋದರು. ಈಗ ಆ ಮನೆಯಲ್ಲಿರುವವರದು ಕಂಡರೆ ತಲೆಬಾಗಿಸುವಷ್ಟೇ ಪರಿಚಯ.

ಇವತ್ತು ಲಿಫ್ಟ್‌ನಿಂದ ಮನೆಯೊಳಗೆ ಬಂದರೆ ಮೈಸೂರಿನಿಂದ ಅತ್ತೆಯ ಫೋನ್. ನಾದಿನಿಗೆ ಹೆರಿಗೆಯಾಗಿತ್ತು. “ಹೆಣ್ಣು ಕಣೆ. ಹೋಗ್ಲಿ ಬಿಡು, ಲಕ್ಷ್ಮಿ ಬಂದ್ಳು.”

ಹಿಂದೆಲ್ಲ ಆಗಿದ್ದರೆ, ಮುಂದಿನ ಸಲ ಗಂಡಾಗುತ್ತೆ ಬಿಡಿ ಅಂತ ನಾನೇ ಸಮಾಧಾನ ಹೇಳುತ್ತಿದ್ದೆ.

“ಜೋರಾಗಿ ಅಳ್ತಾಳಾ ಅತ್ತೆ?”

“ಅಯ್ಯೋ, ಬೀದಿಗೆಲ್ಲ ಕೇಳಿಸುತ್ತೆ!”

“ಒಳ್ಳೇದು” ಅಂದೆ. “ಅಳಲಿ ಬಿಡಿ. ತೋಳದ ಮರಿ ಅದು.”