ತಾಳ ಕೇಳಿಸದ ಇಯರ್‌ಫೋನ್

ಬೈರೇಶ್ ಮಾವ ನಮ್ಮಮ್ಮನ ತಮ್ಮ. ದೊಡ್ಡಬಳ್ಳಾಪುರದ ಪವರ್‌ಲೂಮ್ ಶೆಡ್ಡೊಂದರಲ್ಲಿ ಮೂವತ್ತು ವರ್ಷದಿಂದ ಮಗ್ಗ ಓಡಿಸುತ್ತಿದ್ದಾನೆ. ಶೀಟಿನ ಮಾಡಿನ ಕೆಳಗೆ ಹತ್ತು ಮಗ್ಗ. ಎಲ್ಲವೂ ಒಟ್ಟಿಗೆ ಓಡುವಾಗ ಒಳಗೆ ನಿಂತವರಿಗೆ ತಮ್ಮ ಮಾತು ತಮಗೇ ಕೇಳಿಸುವುದಿಲ್ಲ. ಹಾಗಾಗಿ ಅಲ್ಲಿ ಯಾರೂ ಕಿವಿಯನ್ನು ನೆಚ್ಚಿಕೊಳ್ಳುವುದಿಲ್ಲ. ಎರಡು ಬೆರಳು ತಿರುಗಿಸಿದರೆ ನೂಲಿನ ಕಂಡಿಕೆ ಬೇಕು ಅಂತ. ಮುಷ್ಟಿ ಹಿಡಿದು ಎಳೆದರೆ ಎಳೆ ಹರಿದಿದೆ ಅಂತ. ಹೆಬ್ಬೆರಳು ತುಟಿಗಿಟ್ಟರೆ ಟೀ. ಮಿಕ್ಕ ಮಾತನ್ನೆಲ್ಲ ತುಟಿ ನೋಡಿಯೇ ತಿಳಿದುಕೊಳ್ಳುತ್ತಾರೆ. ನಾನು ಪಿಯುಸಿ ಓದುವಾಗ ಮಾವನ ಊಟದ ಡಬ್ಬಿ ಶೆಡ್ಡಿಗೆ ಕೊಟ್ಟು ಕಾಲೇಜಿಗೆ ಹೋಗುತ್ತಿದ್ದೆ. ಬಾಗಿಲಲ್ಲಿ ನಿಂತು ಪಿಸುಗುಟ್ಟಿದರೂ ಅವನು ಆ ತುದಿಯಿಂದ ತಲೆಯಾಡಿಸುತ್ತಿದ್ದ. ಮಾವನಿಗೆ ಎಷ್ಟು ಚುರುಕು ಕಿವಿ ಅಂದುಕೊಂಡಿದ್ದೆ.

ನಮ್ಮೂರು ಮಾಕಳಿದುರ್ಗದ ಬೆಟ್ಟದ ಈಚೆಗಿದೆ. ಧನುರ್ಮಾಸದ ಒಂದು ತಿಂಗಳು ಬೆಳಗಿನ ಜಾವ ನಾಲ್ಕೂವರೆಗೆ ರಾಮಮಂದಿರದಿಂದ ಭಜನೆ ಹೊರಡುತ್ತದೆ. ಮೂರು ಬೀದಿ ಸುತ್ತಿ ಬರುವಷ್ಟರಲ್ಲಿ ಬೆಳಕಾಗುತ್ತದೆ. ಒಬ್ಬ ಮುಂದೆ ಹೇಳುತ್ತಾನೆ, ಮಿಕ್ಕವರು ಹಿಂದೆ ಹೇಳುತ್ತಾರೆ. ಇಪ್ಪತ್ತೆರಡು ವರ್ಷ ಮುಂದೆ ಹೇಳಿದವನು ಬೈರೇಶ್ ಮಾವ. ಕಂಚಿನ ತಾಳ ಹಾಕುವವರು ಮುನಿರಾಮಯ್ಯ, ಮಂದಿರದ ಹಿರಿಯರು. ಮೃದಂಗ ನಮ್ಮ ತಾತ, ಮಾವನ ಅಪ್ಪ ಪಿಳ್ಳಪ್ಪನದು. ಮಾವ ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಮಗ್ಗ ಅವನ ಮಾಲೀಕರದು, ಮನೆ ತಾತನ ಹೆಸರಿನಲ್ಲಿತ್ತು. ಮುಂದೆ ಹೇಳುವ ಜಾಗ ಒಂದೇ ಅವನು ತಾನಾಗಿ ಸಂಪಾದಿಸಿಕೊಂಡದ್ದು. ಬೀದಿಯಲ್ಲಿ ಅವನನ್ನು ಯಾರಾದರೂ 'ಬೈರೇಶಪ್ಪ' ಎಂದು ಕರೆದರೆ ಅದು ಆ ಒಂದು ತಿಂಗಳಲ್ಲಿ ಮಾತ್ರ.

ಮೂರು ವರ್ಷದ ಹಿಂದೆ ತಾತ ತೀರಿಕೊಂಡರು. ಮೃದಂಗ ಬಾರಿಸಲು ಬೇರೆ ಯಾರಿಗೂ ಬರುತ್ತಿರಲಿಲ್ಲ. ಅದನ್ನು ಬಟ್ಟೆ ಸುತ್ತಿ ಮಂದಿರದ ಗೂಟಕ್ಕೆ ನೇತುಹಾಕಿದರು. ಆಮೇಲೆ ಭಜನೆಗೆ ಉಳಿದದ್ದು ತಾಳ ಒಂದೇ.

ಆ ವರ್ಷದಿಂದಲೇ ಮಾವ ತಾಳ ತಪ್ಪತೊಡಗಿದ. ಮೊದಲ ವರ್ಷ ಒಂದೆರಡು ಸಲ. ಹೋದ ವರ್ಷ ದಿನಾ. "ಅಪ್ಪ ಹೋದ್ಮೇಲೆ ಮನ್ಸು ನಿಲ್ತಿಲ್ಲ ಪಾಪ ಅವ್ನಿಗೆ" ಅಂತ ಊರಿನವರು ಮಾತಾಡಿಕೊಂಡರು. ನಾವೂ ಅದನ್ನೇ ನಂಬಿದೆವು. ಮಾವನೂ ನಂಬಿದ್ದ.

ಈ ಸಲ ಕಾರ್ತಿಕ ಮಾಸ ಮುಗಿಯುವ ಮೊದಲೇ ಮುನಿರಾಮಯ್ಯ ಹೊಸ ಪದಗಳನ್ನು ತಾವೇ ತಾಳ ಹಾಕಿಕೊಂಡು ಹಾಡಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಭಜನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಮಂದಿರದ ಜಗಲಿಯ ಮೇಲೆ ಮಾವನನ್ನು ಕೂರಿಸಿಕೊಂಡು ಹೇಳಿದರು. "ನೋಡಪ್ಪಾ, ಒಂದು ತಿಂಗಳೈತೆ. ದಿನಾ ಕೇಳ್ಕೊಂಡು ತಾಳಕ್ಕೆ ಕೂರ್ಸ್ಕೋ. ಈ ವರ್ಷಾನೂ ಜಾರಿದ್ರೆ ಬೇರೆಯವ್ರು ಹೇಳ್ಲಿ. ನಂಗೂ ಬೇಜಾರೇ, ಆದ್ರೆ ಹುಡುಗ್ರು ನಗ್ತಾವ್ರೆ."

ಮಾವ ಮನೆಗೆ ಬಂದು ಫೋನು ಕಿವಿಗಿಟ್ಟುಕೊಂಡು ಕೂತ. ಮಾರನೆಯ ದಿನ ಬಸ್‌ಸ್ಟ್ಯಾಂಡಿನಿಂದ ಒಂದು ಇಯರ್‌ಫೋನ್ ತಂದ. ಎರಡು ದಿನಕ್ಕೆ ಅದನ್ನು ನನ್ನ ಮುಂದೆ ಹಾಕಿದ.

"ಇದು ಡಬ್ಬದೊಳಗೆ ಕೂತು ಹಾಡ್ದಂಗೈತೆ ಕಣಮ್ಮ ಅರ್ಪಿತಾ. ನೀನು ಓದಿರೋಳು, ನೋಡಿ ಒಂದು ಒಳ್ಳೇದು ಹೇಳು. ಕೇಳಿದ್ರೆ ಎದುರಿಗೇ ಹಾಡ್ದಂಗಿರ್ಬೇಕು. ಜೀವ ಇರ್ಬೇಕು ಅದ್ರಲ್ಲಿ."

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೊಬ್ಬಳೇ. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಗ್ಯಾಸ್ ಸಬ್ಸಿಡಿಯಿಂದ ಹಿಡಿದು ಪಹಣಿಯವರೆಗೆ ಎಲ್ಲದಕ್ಕೂ ನನ್ನನ್ನೇ ಕೇಳುತ್ತಾರೆ. ಇಯರ್‌ಫೋನಿನ ವಿಷಯ ನನಗೂ ಗೊತ್ತಿರಲಿಲ್ಲ. ಆದರೂ ಒಂದು ವಾರ ಫ್ಯಾಕ್ಟರಿ ಬಸ್ಸಿನಲ್ಲಿ ಕೂತು ಓದಿದೆ, ವೀಡಿಯೊ ನೋಡಿದೆ, ಒಂದು ಚೀಟಿಯಲ್ಲಿ ಬರೆದುಕೊಂಡೆ. ಕಿವಿಯೊಳಗೆ ಕೂರುವ ರಬ್ಬರು ಸರಿಯಾದ ಅಳತೆಯದಿರಬೇಕು, ಸಡಿಲವಾದರೆ ದಪ್ಪ ಸದ್ದು ಸೋರಿಹೋಗುತ್ತದೆ. ಬೇಸ್ ಜಾಸ್ತಿ ಇರುವುದು ಗುಂಯ್‌ಗುಡುತ್ತದೆ, ಹಾಡಿನವರ ಗಂಟಲು ಹಿಂದಕ್ಕೆ ಹೋಗುತ್ತದೆ. ಜೀವಂತವಾಗಿ ಕೇಳಬೇಕೆಂದರೆ ಸಣ್ಣ ಸದ್ದುಗಳು, ತಂತಿ ಮೀಟಿದ್ದು, ಗೆಜ್ಜೆ, ತಾಳ, ಇವು ಎದ್ದು ಬರುವಂಥದ್ದು ಬೇಕು. ಅಂಥದ್ದು ಕೆಲವರಿಗೆ ಕಿವಿ ಚುಚ್ಚುತ್ತದಂತೆ. ಹೊಸಬರು ಅಂಗಡಿಯಲ್ಲಿ ಹಾಕಿ ನೋಡಿ, ತಮಗೆ ಚೆನ್ನಾಗಿ ಗೊತ್ತಿರುವ ಹಾಡನ್ನೇ ಕೇಳಿ ಆರಿಸಬೇಕು. ಇಷ್ಟು ನಾನು ಕಲಿತದ್ದು.

ಭಾನುವಾರ ಮಧ್ಯಾಹ್ನ ಮಾವನ ಟಿವಿಎಸ್ ಹತ್ತಿ ದೊಡ್ಡಬಳ್ಳಾಪುರಕ್ಕೆ ಹೋದೆವು. ಚಲಪತಿಯ ಮೊಬೈಲ್ ಅಂಗಡಿ ಮಾವನಿಗೆ ಹಳೆಯ ಪರಿಚಯ. ನಾನು ಚೀಟಿ ತೆಗೆದದ್ದು ನೋಡಿ ಚಲಪತಿ ನಕ್ಕ.

"ಬೈರೇಶಣ್ಣ, ಹೆಣ್ಣು ನೋಡೋಕೂ ಇಷ್ಟು ತಯಾರಿ ಮಾಡ್ಲಿಲ್ವಲ್ಲ ನೀನು."

"ಹೆಣ್ಣು ಒಂದೇ ಸಲ ನೋಡಿದ್ದು ಕಣಪ್ಪ, ಅದ್ಕೇ ಈಗ್ಲೂ ಬೈಸ್ಕೊಂತಿದೀನಿ. ಇದನ್ನಾದ್ರೂ ನೋಡಿ ತಗೊಳ್ಳಾಣ."

ವೈರಿನದೇ ಬೇಕು, ಚಾರ್ಜು ಹಾಕುವ ತಾಪತ್ರಯ ಬೇಡ ಅಂತ ಮಾವ ಮೊದಲೇ ಹೇಳಿದ್ದ. ಚಲಪತಿ ಡೆಮೋ ಪೀಸುಗಳನ್ನು ಒರೆಸಿ ಕೊಟ್ಟ. ಮಾವ ಮುನಿರಾಮಯ್ಯನವರ ರೆಕಾರ್ಡಿಂಗನ್ನೇ ಹಾಕಿಕೊಂಡು ಕಣ್ಣು ಮುಚ್ಚಿದ. ಮೊದಲನೆಯದಕ್ಕೆ ತಲೆಯಾಡಿಸಿ ತೆಗೆದ. ರಬ್ಬರು ಬದಲಾಯಿಸಿ ಕೊಟ್ಟೆವು. ಅದೇ ಮಾತು. ಎರಡನೆಯದನ್ನೂ ತೆಗೆದ. ಮೂರನೆಯದು ನನ್ನ ಚೀಟಿಯಲ್ಲಿ ಗೆರೆ ಎಳೆದಿಟ್ಟಿದ್ದದ್ದು. ಸಣ್ಣ ಸದ್ದು ತುಂಬಾ ಚುರುಕು ಅಂತ ಎಲ್ಲರೂ ಬರೆದಿದ್ದರು.

ಮಾವ ಬಹಳ ಹೊತ್ತು ಕೇಳಿದ. ಆಮೇಲೆ ಕಣ್ಣು ಬಿಟ್ಟ. "ಇದ್ರಲ್ಲೂ ತಾಳ ಇಲ್ವಲ್ಲಮ್ಮ. ಮುನಿರಾಮಯ್ಯನ ಗಂಟಲೊಂದೇ ಬರ್ತೈತೆ. ತಾಳ ಎಲ್ಲಿ?"

"ಕೊಡು ಮಾವ" ಅಂತ ನಾನು ಹಾಕಿಕೊಂಡೆ. ತಾಳದ ಸದ್ದು ಸೂಜಿಯ ಹಾಗೆ ಕಿವಿಗೆ ಇಳಿಯಿತು. ಒಂದು ನಿಮಿಷ ತಡೆದುಕೊಳ್ಳುವುದೂ ಕಷ್ಟ. ತೆಗೆದು ಚಲಪತಿಗೆ ಕೊಟ್ಟೆ. ಅವನು ಒಂದು ಕಿವಿಗಿಟ್ಟುಕೊಂಡು ಮುಖ ಕಿವುಚಿದ.

"ಅಣ್ಣ, ಇದ್ರಲ್ಲಿ ತಾಳ ಬಿಟ್ರೆ ಇನ್ನೇನೂ ಇಲ್ಲ" ಅಂತ ನಗುತ್ತಾ ಶುರುಮಾಡಿದವನು ನನ್ನ ಮುಖ ನೋಡಿ ನಿಲ್ಲಿಸಿದ. ಗಾಜಿನ ಮೇಲೆ ಇಲ್ಲದ ಧೂಳನ್ನು ಒರೆಸತೊಡಗಿದ. ಬೆನ್ನು ತಿರುಗಿಸಿ ಶೆಲ್ಫಿನಿಂದ ಒಂದು ಡಬ್ಬ ತೆಗೆಯುತ್ತಾ, "ಸ್ಪೀಕರ್ ತಗೊಂಬಿಡ್ತೀಯಾ ಅಣ್ಣ, ಮನೇಲಿ ಇಟ್ಕೊಂಡು ಕೇಳು" ಅಂದ. ಮಾವ ಆ ಕಡೆ ತಿರುಗಲೂ ಇಲ್ಲ. ಅವನು ನನ್ನ ಮುಖವನ್ನೇ ನೋಡುತ್ತಿದ್ದ.

"ಏನಂತಮ್ಮ?" ಅಂದ.

"ಏನಿಲ್ಲ ಮಾವ. ಇದು ಅಷ್ಟು ಚೆನ್ನಾಗಿಲ್ಲ."

ಅಲ್ಲಿ ನಾನು ಸುಳ್ಳು ಹೇಳಿದೆ. ಬೇಸ್ ಜಾಸ್ತಿ ಇದ್ದ ಎರಡನೆಯದನ್ನೇ ಕಟ್ಟಿಸಿಕೊಂಡೆವು. ಅದರಲ್ಲಿ ಗಂಟಲಾದರೂ ಮಾವನಿಗೆ ದಪ್ಪಗೆ ಕೇಳುತ್ತಿತ್ತು.

ವಾಪಸ್ ಬರುವಾಗ ಹಿಂದೆ ಕೂತು ಯೋಚಿಸಿದೆ. ದಿನಾ ಬೆಳಿಗ್ಗೆ ಮಾವ ನನ್ನನ್ನು ಬಸ್‌ಸ್ಟ್ಯಾಂಡಿನವರೆಗೆ ಬಿಡುತ್ತಾನೆ. ದಾರಿಯುದ್ದಕ್ಕೂ ನಾನು ಏನೇನೋ ಹೇಳುತ್ತೇನೆ, ಅವನು ಹೂಂ ಅನ್ನುತ್ತಾನೆ. ನಾಲ್ಕು ವರ್ಷದಿಂದ ಹೂಂ. ಗಾಡಿ ರೈಲ್ವೆ ಗೇಟಿನ ಹತ್ತಿರ ನಿಂತಿತು. ಇಂಜಿನ್ ಆಫ್ ಮಾಡಿದ್ದ. ಗಾಳಿಯೂ ಇರಲಿಲ್ಲ.

"ಮಾವ, ನಾನು ಕೆಲ್ಸ ಬಿಟ್ಬಿಟ್ಟೆ" ಅಂದೆ.

"ಹೂಂ ಕಣಮ್ಮ" ಅಂದ.

ಹಾಗೆ ಪರೀಕ್ಷೆ ಮಾಡಬಾರದಿತ್ತು ಅಂತ ಈಗಲೂ ಅನ್ನಿಸುತ್ತದೆ. ರೈಲು ಹೋಯಿತು, ಗೇಟು ತೆಗೆದರು. ಮನೆಯ ಮುಂದೆ ಇಳಿದ ಮೇಲೆ ಅವನ ಎದುರಿಗೆ ನಿಂತು ಎಲ್ಲ ಹೇಳಿದೆ. ಮಾವ ಸಿಟ್ಟು ಮಾಡಿಕೊಳ್ಳಲಿಲ್ಲ. ಟಿವಿಎಸ್ಸಿನ ಹ್ಯಾಂಡಲ್ ಹಿಡಿದುಕೊಂಡೇ ಕೇಳಿದ. "ಶೆಡ್ನಲ್ಲಿ ಯಾರ್ಗೂ ಏನೂ ಕೇಳಲ್ಲ. ನಂಗೊಬ್ನಿಗೆ ಕೇಳಲ್ಲ ಅಂತ ಹೆಂಗೆ ಗೊತ್ತಾಗ್ಬೇಕಿತ್ತು?"

ಆಸ್ಪತ್ರೆಗೆ ಕರೆದುಕೊಂಡು ಹೋದೆ. ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಅಂದರು. ಗಾಜಿನ ಈಚೆ ನಿಂತು ನೋಡಿದೆ. ಮೊದಮೊದಲು ಒತ್ತಿದ. ಆಮೇಲೆ ಗುಂಡಿಯ ಮೇಲೆ ಬೆರಳಿಟ್ಟುಕೊಂಡು, ತಪ್ಪಿಹೋಗಬಾರದೆಂಬಂತೆ ಮುಂದಕ್ಕೆ ಬಾಗಿ, ಕಾಯುತ್ತಾ ಕೂತ. ಡಾಕ್ಟರು ಕಾಗದ ನೋಡಿದವರೇ, "ಮಗ್ಗದ ಕೆಲಸಾನಾ?" ಅಂತ ಕೇಳಿದರು. ದಪ್ಪ ಸದ್ದು ಇನ್ನೂ ಸುಮಾರಾಗಿ ಕೇಳುತ್ತದೆ, ಸಣ್ಣ ಸದ್ದು ಹೋಗಿದೆ, ಹೋದದ್ದು ವಾಪಸ್ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಿ ಅಂದರು. ಕಿವಿಗೆ ಮಿಷನ್ ಹಾಕಿಕೊಂಡರೆ ಮಾತಿಗೆ ಅನುಕೂಲವಾಗುತ್ತದೆ, ತಾಳ ಮೊದಲಿನ ಹಾಗೆ ಕೇಳುತ್ತದೆ ಅಂತ ಹೇಳಲಾರೆ ಅಂದರು. ಮಾವ ಅವರ ತುಟಿಯನ್ನು ಬಿಡದೆ ನೋಡುತ್ತಿದ್ದ.

ತಾತ ಇದ್ದಷ್ಟು ದಿನ ಮಾವ ಹಾಡುತ್ತಿದ್ದದ್ದು ಮೃದಂಗಕ್ಕೆ ಅನ್ನುವುದು ನನಗೆ ಆಗ ತಿಳಿಯಿತು. ಅದರ ಸದ್ದು ದಪ್ಪ. ತಾಳ ಅವನಿಗೆ ಕೇಳಿಸುವುದು ಯಾವಾಗ ನಿಂತಿತ್ತೋ, ತಾತನಿಗೂ ಗೊತ್ತಿರಲಿಲ್ಲ.

ಹೊರಗೆ ಬಂದು ಮಾವ ಹೇಳಿದ್ದು ಒಂದೇ. "ಮುನಿರಾಮಯ್ಯನಿಗೆ ಹೇಳ್ಬೇಡ. ಅವ್ರ ಕೈ ನೋಡ್ಕೊಂಡು ಹಾಡ್ತೀನಿ. ಶೆಡ್ನಲ್ಲಿ ಮಾಡಲ್ವಾ?"

ನಾನು ಹೇಳಲಿಲ್ಲ.

ಧನುರ್ಮಾಸದ ಮೊದಲ ದಿನ ಮಂಜು ಸುರಿಯುತ್ತಿತ್ತು. ಮಾವ ಮಫ್ಲರ್ ಸುತ್ತಿಕೊಂಡು, ಎಂದಿನ ಹಾಗೆ ಮುಂದೆ ನಡೆಯದೆ ಮುನಿರಾಮಯ್ಯನವರ ಪಕ್ಕದಲ್ಲಿ, ಅವರ ಕಡೆಗೆ ತಿರುಗಿಕೊಂಡು ನಡೆದ. ಕಣ್ಣು ಅವರ ಕೈಮೇಲೆ. ಮೊದಲ ಬೀದಿ ಪೂರ್ತಿ ಒಂದು ಕಡೆಯೂ ತಪ್ಪಲಿಲ್ಲ. "ಬಂದ್ಬಿಟ್ಟ ನೋಡು ನಮ್ ಬೈರೇಶಪ್ಪ" ಅಂತ ಹಿಂದೆ ಯಾರೋ ಅಂದರು. ಹೆಂಗಸರ ಜೊತೆ ನಡೆಯುತ್ತಿದ್ದ ನನಗೆ ಉಸಿರು ಬಂತು.

ಎರಡನೇ ಬೀದಿಯಲ್ಲಿ ಅರಳಿಕಟ್ಟೆಯಿಂದ ಸ್ಕೂಲಿನವರೆಗೆ ಕಂಬದ ಲೈಟು ಕೆಟ್ಟು ಎರಡು ತಿಂಗಳಾಗಿತ್ತು. ಪಂಚಾಯ್ತಿಯವರಿಗೆ ಹೇಳಿ ಸಾಕಾಗಿತ್ತು. ದಿನಾ ನೋಡುವ ಕತ್ತಲೆ, ಅದನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ನಾನೂ ಇಟ್ಟಿರಲಿಲ್ಲ. ಅಲ್ಲಿಗೆ ಬಂದಾಗ ಮಾವನ ದನಿ ಮುಂದಕ್ಕೆ ಓಡಿತು. ಹಿಂದೆ ಹೇಳುವವರು ಒಂದು ಸಲ ಹೇಗೋ ಹೊಂದಿಸಿಕೊಂಡರು. ಮತ್ತೆ ಓಡಿತು. ಮುನಿರಾಮಯ್ಯ ತಾಳ ನಿಲ್ಲಿಸಿದರು. ಹಿಂದಿನವರೂ ನಿಲ್ಲಿಸಿದರು.

ಮಾವ ನಿಲ್ಲಿಸಲಿಲ್ಲ. ಕತ್ತಲೆಯಲ್ಲಿ ಅವನೊಬ್ಬನೇ ಹಾಡಿಕೊಂಡು ಮುಂದೆ ಹೋದ. ಒಂದು ನುಡಿ ಹೇಳಿ, ಹಿಂದಿನವರು ಹೇಳುವಷ್ಟು ಹೊತ್ತು ಬಿಟ್ಟು, ಮತ್ತೊಂದು ನುಡಿ. ದನಿ ಚೆನ್ನಾಗಿಯೇ ಇತ್ತು. "ಬೈರೇಶ, ನಿಲ್ಸಪ್ಪ" ಅಂದರು ಮುನಿರಾಮಯ್ಯ. ಇನ್ನೊಂದು ನುಡಿ ಬಂತು. ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು. ನಾನು ಓಡಿಹೋಗಿ ಫೋನಿನ ಟಾರ್ಚು ಹಾಕಿ ಅವನ ತೋಳು ಮುಟ್ಟಿದೆ. ಮಾವ ತಿರುಗಿ ನೋಡಿದ. ಅಷ್ಟು ದೂರದಲ್ಲಿ ನಿಂತಿದ್ದವರನ್ನು ನೋಡಿದ. ತಾಳ ಹಿಡಿದ ಕೈ ಕೆಳಗಿತ್ತು.

"ಯಾವಾಗ ನಿಲ್ಸಿದ್ರು?" ಅಂತ ನನ್ನನ್ನು ಕೇಳಿದ.

ಮುನಿರಾಮಯ್ಯ ಹತ್ತಿರ ಬಂದರು. ನಾನು ಟಾರ್ಚನ್ನು ಅವರ ಮುಖಕ್ಕೆ ಹಿಡಿದೆ, ಮಾವನಿಗೆ ತುಟಿ ಕಾಣಲಿ ಅಂತ. ಅದನ್ನು ನೋಡಿಯೇ ಅವರಿಗೆ ಅರ್ಥವಾಯಿತು ಅನ್ನಿಸುತ್ತದೆ. ಮಾವನ ಭುಜದ ಮೇಲೆ ಕೈಯಿಟ್ಟರು. ಮೂರನೇ ಬೀದಿಯಲ್ಲಿ ಅವರೇ ಮುಂದೆ ಹೇಳಿದರು. ಮಾವ ಎಲ್ಲರಿಗಿಂತ ಹಿಂದೆ ನಡೆದು ಬಂದ.

ಮಾರನೆಯ ದಿನದಿಂದ ಹೋಗಲಿಲ್ಲ. ಮುನಿರಾಮಯ್ಯ ಎರಡು ಸಲ ಮನೆಗೆ ಬಂದು, ಹಿಂದೆ ಹೇಳುವವರ ಜೊತೆಗಾದರೂ ಬಾ ಅಂತ ಕರೆದರು. "ನೋಡಾಣ ಅಣ್ಣ" ಅಂದ.

ಸಂಕ್ರಾಂತಿಗೆ ಮೊದಲು ಒಂದು ದಿನ ಶೆಡ್ಡಿಗೆ ಹೋಗಿದ್ದೆ. ಹತ್ತು ಮಗ್ಗವೂ ಓಡುತ್ತಿದ್ದವು. ಮಾವನ ಕಿವಿಯಲ್ಲಿ ಚಲಪತಿಯ ಅಂಗಡಿಯ ಇಯರ್‌ಫೋನ್ ಇತ್ತು. ಏನು ಕೇಳುತ್ತಿದ್ದೀಯ ಅಂತ ತುಟಿಯಲ್ಲಿ ಕೇಳಿದೆ. ಅವನು ಜೇಬಿನಿಂದ ವೈರಿನ ತುದಿ ಎತ್ತಿ ತೋರಿಸಿದ. ಅದು ಯಾವುದಕ್ಕೂ ಸಿಕ್ಕಿಸಿರಲಿಲ್ಲ. ರಬ್ಬರು ಬಿಗಿಯಾಗಿದೆ, ಸದ್ದು ತಡೆಯುತ್ತದೆ ಅಂತ ಕೈಯಲ್ಲಿ ಹೇಳಿದ. ಇರುವುದನ್ನು ಉಳಿಸಿಕೊಳ್ಳಿ ಅಂದಿದ್ದರಲ್ಲ ಡಾಕ್ಟರು. ಕಿವಿಗೆ ಹಾಕುವ ಬೇರೆ ಮುಚ್ಚಳಗಳಿವೆ, ಅವೇ ಸರಿ ಅಂತ ಹೇಳಿದೆ. ಆಮೇಲೆ ತಂದೂ ಕೊಟ್ಟೆ. ಹತ್ತು ಮಗ್ಗದ ಮುಂದೆ ಅವನಂಥ ಐದು ಜನ ನಿಂತಿದ್ದರು. ಬೇರೆ ಯಾರ ಕಿವಿಯಲ್ಲೂ ಏನೂ ಇರಲಿಲ್ಲ. ಮಾವ ಹೆಬ್ಬೆರಳನ್ನು ತುಟಿಗಿಟ್ಟ. ಟೀಗೆ ಹೋದೆವು.

ಬೆಳಗಿನ ಜಾವದ ಮಾತನ್ನು ಮಾವನ ಹೆಂಡತಿ ಮಮತತ್ತೆ ಹೇಳಿದಳು. ಭಜನೆ ಅವರ ಬೀದಿಗೆ ಬರುವ ಹೊತ್ತಿಗೆ ಮಾವ ಎದ್ದು ಹಾಸಿಗೆಯ ಮೇಲೆ ಕೂತಿರುತ್ತಾನಂತೆ. ಬಂದದ್ದು ಅವನಿಗೆ ಗೊತ್ತಾಗುವುದಿಲ್ಲ. ಅತ್ತೆ ಹೊಸ್ತಿಲ ದೀಪ ಹಚ್ಚಿ ಬಾಗಿಲು ತೆಗೆದಾಗ ಗೊತ್ತಾಗುತ್ತದೆ.

"ಯಾರು ಹೇಳ್ತಾವ್ರೆ ಮುಂದೆ?" ಅಂತ ಕೇಳುತ್ತಾನಂತೆ.

"ಮುನಿರಾಮಣ್ಣನೇ."

"ಪದ ತಾಳಕ್ಕೆ ಕೂತೈತಾ?"

ಅತ್ತೆ ದೀಪದ ಬೆಳಕಿಗೆ ಮುಖ ತಿರುಗಿಸಿಕೊಂಡು, ಅವನಿಗೆ ತುಟಿ ಕಾಣುವ ಹಾಗೆ, ಕೂತಿದೆ ಅನ್ನುತ್ತಾಳಂತೆ.